ಹನ್ನೆರಡನೆಯ ಬಳೆ

ನನ್ನ ಮಗಳು ಮೇಘನ ತೀರಿಕೊಂಡು ಎರಡು ವರ್ಷ ದಾಟಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅವಳ ಪಕ್ಕದ ಮಂಚದ ಮೇಲೆ ಅದೇ ಡೆಂಗಿ ಜ್ವರದಲ್ಲಿ ಮಲಗಿದ್ದ ಹುಡುಗಿ ಎದ್ದು ಮನೆಗೆ ಬಂದಳು. ಆ ಹುಡುಗಿ ಬೇರೆ ಯಾರೂ ಅಲ್ಲ, ನನ್ನ ಮೈದುನನ ಮಗಳು ಪಲ್ಲವಿ. ಮೇಲೂರಿನಲ್ಲಿ ನಮ್ಮದು ಒಂದೇ ಮನೆ, ಎರಡು ಅಡುಗೆಮನೆ, ಒಂದು ದೇವರಕೋಣೆ. ಹಾಗಾಗಿ ಬದುಕಿ ಬಂದ ಮಗುವನ್ನು ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋಡಬೇಕಾಗಿತ್ತು.

ಮಗಳು ಹೋದ ದುಃಖ ನಿಮಗೆಲ್ಲ ಗೊತ್ತಿದೆ. ಸೋಮವಾರದ ಭಜನೆಗೆ ಬರುವ ನೀವೆಲ್ಲ ಆಗ ನಮ್ಮ ಮನೆಗೆ ಬಂದು ಕೂತು ಹೋದವರೇ. ಆದರೆ ದುಃಖದ ಜೊತೆಗೆ ನನಗೆ ಇನ್ನೊಂದು ಕಾಯಿಲೆ ಇತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದು ಹೊಟ್ಟೆಕಿಚ್ಚು. ನನ್ನ ವಾರಗಿತ್ತಿ ಭಾಗ್ಯಳಿಗೆ ಮಗಳು ಇದ್ದಾಳೆ, ನನಗೆ ಇಲ್ಲ ಎಂಬ ಉರಿ. ಹೋದ ಕಾರ್ತಿಕದ ಕೊನೆಯ ಸೋಮವಾರ ನಂದಿಯಲ್ಲಿ ದೀಪ ಹಚ್ಚುವಾಗ ನಾನು ಒಂದೇ ಒಂದು ಮಾತು ಹೇಳಿದೆ. ನಿಮಗೆ ಅರ್ಥವಾಗಲಿಲ್ಲ, ಕೇಳುವುದಕ್ಕೂ ಹಿಂಜರಿದಿರಿ. ಅದನ್ನು ಬಿಡಿಸಿ ಹೇಳಲು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೇಘನ ಹೋದ ವರ್ಷ ದಸರಾ ಕಳೆದ ವಾರ ನಮ್ಮ ಹುಳುಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದಲ್ಲ, ಅದನ್ನೇ ನಾವು ಜ್ವರ ಎನ್ನುವುದು. ಮೊದಲು ಪಲ್ಲವಿಯ ಮೈ ಬಿಸಿಯಾಯಿತು, ಮಾರನೆಯ ದಿನ ಮೇಘನಳದು. ಇಬ್ಬರಿಗೂ ಇಪ್ಪತ್ತೊಂದು ವರ್ಷ. ಚಿಕ್ಕಬಳ್ಳಾಪುರದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ನಮ್ಮತ್ತೆ ಇಬ್ಬರ ಹಣೆಯನ್ನೂ ಮುಟ್ಟಿ ನೋಡಿ, “ಹುಳಾನೂ ಜ್ವರದಲ್ಲಿ ಅವೆ, ಹುಡುಗೀರೂ ಜ್ವರದಲ್ಲಿ ಅವ್ರೆ. ನಾಡಿದ್ದು ಎಲ್ಲಾ ಒಟ್ಟಿಗೆ ಎದ್ದು ಊಟ ಕೇಳ್ತಾರೆ, ಮಾಡಿಹಾಕೋಕೆ ಇಬ್ರೂ ಸೊಂಟ ಕಟ್ಕೊಂಡಿರಿ” ಎಂದರು. ನಾವು ನಕ್ಕೆವು. ಮೂರನೆಯ ದಿನ ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿದೆವು.

ಅದಕ್ಕೆ ಸ್ವಲ್ಪ ದಿನ ಮುಂಚೆ ನೆಂಟರ ಮದುವೆಗೆಂದು ಹುಡುಗಿಯರು ಶಿಡ್ಲಘಟ್ಟದಲ್ಲಿ ಒಂದೊಂದು ಡಜನ್ ಗಾಜಿನ ಬಳೆ ಇಡಿಸಿಕೊಂಡು ಬಂದಿದ್ದರು. ಮೇಘನಳದು ಕಡುಗೆಂಪು, ಪಲ್ಲವಿಯದು ಹಸಿರು. ಡ್ರಿಪ್ ಹಾಕಬೇಕು, ಬಳೆ ತೆಗೆಯಿರಿ ಎಂದು ನರ್ಸ್ ಹೇಳಿದಾಗ ನಾನು ರಕ್ತ ಪರೀಕ್ಷೆಯ ಚೀಟಿ ಹಿಡಿದು ಕೆಳಗೆ ಲ್ಯಾಬಿನ ಮುಂದೆ ನಿಂತಿದ್ದೆ. ಭಾಗ್ಯ ಇಬ್ಬರ ಕೈಗೂ ಸೋಪು ಹಚ್ಚಿ ಬಳೆ ತೆಗೆದಳು. ನಾನು ಮೇಲೆ ಬಂದಾಗ ಮೇಘನಳ ಬಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. “ಒಂದು ಒಡೆದು ಹೋಯ್ತಕ್ಕ, ಬೇಜಾರು ಮಾಡ್ಕೋಬೇಡ” ಎಂದಳು. ಅಂಥ ಹೊತ್ತಿನಲ್ಲಿ ಒಂದು ಬಳೆಗೆ ಯಾರು ಬೇಜಾರು ಮಾಡಿಕೊಳ್ಳುತ್ತಾರೆ. ಕರ್ಚೀಫನ್ನು ಹಾಗೇ ಚೀಲಕ್ಕೆ ಹಾಕಿದೆ.

ಅಂದು ಸಂಜೆ ಗಂಡಸರನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾವಿಬ್ಬರೂ ಮನೆಗೆ ಬಂದು ಸ್ನಾನ ಮಾಡಿ ಮುಡಿಪು ಕಟ್ಟಿದೆವು. ನಮ್ಮ ಮನೆದೇವರು ನಂದಿಯ ಈಶ್ವರ. ಮುಡಿಪು ಎಂದರೆ ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಅಕ್ಕಿ, ಅರಿಶಿನದ ಕೊಂಬು, ಒಂದು ನಾಣ್ಯ ಇಟ್ಟು ಗಂಟು ಹಾಕುವುದು. ಅದರ ಜೊತೆಗೆ ಯಾರಿಗಾಗಿ ಬೇಡಿಕೊಳ್ಳುತ್ತೇವೋ ಅವರ ಮೈಮೇಲಿದ್ದ ಒಂದು ವಸ್ತುವನ್ನು ಇಡುವುದು ನಮ್ಮ ಮನೆಯ ಪದ್ಧತಿ. ಒಳಗೆ ಏನಿಟ್ಟೆವು, ಏನು ಬೇಡಿದೆವು ಎಂದು ಹರಕೆ ತೀರುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬಾರದು. ಅತ್ತೆ ಒಂದೇ ಹಳದಿ ಬಟ್ಟೆಯನ್ನು ಎರಡು ತುಂಡು ಮಾಡಿ ಇಬ್ಬರಿಗೂ ಕೊಟ್ಟು ಆಚೆ ಹೋದರು. ನಾವಿಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತೆವು. ನಾನು ಮೇಘನಳ ತಲೆಪಿನ್ನು ಇಟ್ಟು, ರೇಷ್ಮೆ ನೂಲನ್ನು ಹುರಿ ಮಾಡಿ ಗಂಟು ಬಿಗಿದೆ. ಭಾಗ್ಯ ಹತ್ತಿಯ ದಾರದಲ್ಲಿ ಕಟ್ಟಿದಳು. ಎರಡನ್ನೂ ದೇವರಕೋಣೆಯ ಒಂದೇ ಮೊಳೆಗೆ ತೂಗುಹಾಕಿದೆವು.

ಹುಳುಗಳು ಜ್ವರದಿಂದ ಎದ್ದವು. ಪಲ್ಲವಿಯೂ ಎದ್ದಳು. ಮೇಘನ ಐದನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು. ಡಾಕ್ಟರು ಮಾಡಬೇಕಾದದ್ದನ್ನೆಲ್ಲ ಮಾಡಿದರು, ಅವರ ಮೇಲೆ ನನ್ನದೇನೂ ದೂರಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಕರ್ಚೀಫು ಬಿಚ್ಚಿ ಬಳೆ ಎಣಿಸಿದೆ. ಹನ್ನೊಂದೇ ಇದ್ದವು. ಭಾಗ್ಯ ಮೊದಲೇ ಹೇಳಿದ್ದಳು, ಆದರೂ ಆಗ ನನ್ನ ಎದೆಯಲ್ಲಿ ಏನೋ ಕಚ್ಚಿತು. ತನ್ನ ಮಗಳ ಹಸಿರು ಬಳೆಗಳನ್ನು ಜೋಪಾನವಾಗಿ ತೆಗೆದಿದ್ದಾಳೆ, ನನ್ನ ಮಗಳದನ್ನು ಒಡೆದಿದ್ದಾಳೆ ಎಂದುಕೊಂಡೆ. ಸುಮ್ಮನೆ ಒಂದು ಬಳೆ. ಆದರೆ ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಆ ಬಳೆಯಿಂದ.

ಸೂತಕ ಕಳೆದು ಎರಡು ತಿಂಗಳಾದ ಮೇಲೆ ಭಾಗ್ಯ ನಂದಿಗೆ ಹೋಗಿ ಮುಡಿಪನ್ನು ಹುಂಡಿಗೆ ಹಾಕಿ ಹರಕೆ ತೀರಿಸಿ ಬಂದಳು. ನನ್ನನ್ನು ಕರೆದಳು, ನಾನು ಹೋಗಲಿಲ್ಲ. ಯುಗಾದಿಗೆ ದೇವರಕೋಣೆಗೆ ಸುಣ್ಣ ಹೊಡೆಯುವಾಗ ಮೊಳೆಯಲ್ಲಿ ಉಳಿದಿದ್ದ ಮುಡಿಪನ್ನು ಕೆಳಗಿಳಿಸಿದೆ. ಅದರ ದಾರ ನೋಡಿ ಕೈ ನಿಂತುಹೋಯಿತು. ಹತ್ತಿಯ ದಾರ. ಉಳಿದಿದ್ದದ್ದು ಭಾಗ್ಯಳ ಮುಡಿಪು. ಹಾಗಾದರೆ ಹುಂಡಿಗೆ ಹೋದದ್ದು ನನ್ನದು.

ಅತ್ತೆಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಗಿರಲಿಲ್ಲ. ಮೊಳೆಯಿಂದ ತೆಗೆದು ತಟ್ಟೆಯಲ್ಲಿಟ್ಟು ಕೊಟ್ಟವರು ಅವರೇ. ಅದು ಕಣ್ಣು ಕಾಣದವರು ಮಾಡಿದ ತಪ್ಪು ಎಂದು ನನಗೆ ಗೊತ್ತಾಯಿತು. ಗೊತ್ತಾದರೂ ಮನಸ್ಸು ಕೇಳಲಿಲ್ಲ. ನನ್ನ ಮಗಳ ತಲೆಪಿನ್ನು ಅವಳ ಮಗಳ ಜೀವಕ್ಕೆ ಕಾಣಿಕೆಯಾಗಿ ಹೋಯಿತು. ನನ್ನ ಮೇಘನಳನ್ನು ಕೊಟ್ಟು ಅವರ ಪಲ್ಲವಿಯನ್ನು ಬಿಡಿಸಿಕೊಂಡು ಬಂದಂತೆ ಅನಿಸಿತು. ನಾನು ಆ ಮುಡಿಪನ್ನು ವಾಪಸ್ ಮೊಳೆಗೆ ಹಾಕಲಿಲ್ಲ. ಯಾರಿಗೂ ಹೇಳಲಿಲ್ಲ. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ, ಹನ್ನೊಂದು ಬಳೆಗಳ ಪಕ್ಕದಲ್ಲಿ ಇಟ್ಟೆ.

ತೀರಿಸದ ಹರಕೆ ಒಳ್ಳೆಯದಲ್ಲ ಎಂಬ ಭಯ ನಮ್ಮಲ್ಲಿ ಎಲ್ಲರಿಗೂ ಇದೆ. ಭಾಗ್ಯಳ ಹರಕೆ ತೀರಿಲ್ಲ, ಅದು ನನಗೊಬ್ಬಳಿಗೇ ಗೊತ್ತು ಎಂಬುದು ನನಗೆ ಒಂದು ಬಲದ ಹಾಗೆ ಇತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂದು ಸ್ವಾಮಿಯ ಮುಂದೆ ಹೇಳಿ ಬಂದಿದ್ದೇನೆ.

ಹೊಟ್ಟೆಕಿಚ್ಚು ದೊಡ್ಡ ದೊಡ್ಡ ವಿಷಯಕ್ಕೆ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಗೋಡೆಯ ಆ ಕಡೆ ಭಾಗ್ಯ “ಏಳೇ, ಬಸ್ ಹೋಗುತ್ತೆ” ಎಂದು ಬೈಯುವುದು ಕೇಳಿಸಿದರೆ ಸಾಕಿತ್ತು. ಬೈಯುವುದಕ್ಕೆ ಅವಳಿಗೆ ಒಬ್ಬಳಿದ್ದಾಳೆ. ಬಚ್ಚಲಲ್ಲಿ ಉದ್ದ ಕೂದಲು ಸಿಕ್ಕಿಕೊಂಡಿದೆ ಎಂದು ಅವಳು ಗೊಣಗಿದರೆ ನನಗೆ ಉರಿಯುತ್ತಿತ್ತು. ಪಲ್ಲವಿ ಡಿಗ್ರಿ ಮುಗಿಸಿದಳು, ಗೌರಿಬಿದನೂರಿನ ಒಳ್ಳೆಯ ಮನೆಯ ಹುಡುಗ ಒಪ್ಪಿದ, ಮದುವೆಯಾಯಿತು. ಮದುವೆಯಲ್ಲಿ ಅಡುಗೆಯವರ ಉಸ್ತುವಾರಿ ನೋಡುತ್ತೇನೆ ಎಂದು ನಾನು ಪೂರ್ತಿ ಹಿಂದೆಯೇ ಉಳಿದೆ. “ಸುಶೀಲಕ್ಕ ಎಷ್ಟು ದುಡಿದ್ರು ನೋಡಿ” ಎಂದು ನಿಮ್ಮಲ್ಲೇ ಕೆಲವರು ಹೊಗಳಿದಿರಿ. ನಾನು ದುಡಿದದ್ದು ಧಾರೆ ನೋಡಬಾರದು ಎಂದು.

ನಮ್ಮ ಭಜನಾ ಮಂಡಳಿಯಲ್ಲಿ ಒಂದು ಕ್ರಮ ಇದೆಯಲ್ಲ. ಕಾರ್ತಿಕದ ಕೊನೆಯ ಸೋಮವಾರ ನಂದಿಗೆ ಹೋಗಿ ಕಲ್ಯಾಣಿಯ ಮೆಟ್ಟಿಲ ಮೇಲೆ ದೀಪ ಹಚ್ಚುವುದು, ಹಚ್ಚುವಾಗ ಆ ವರ್ಷ ಸ್ವಾಮಿ ತನಗೆ ಏನು ಕೊಟ್ಟ ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳುವುದು. ಮೇಘನ ಹೋದ ವರ್ಷ ನಾನು ಬರಲಿಲ್ಲ. ಮರುವರ್ಷ ಬಂದೆ. ಒಬ್ಬರು ರೇಷ್ಮೆ ಗೂಡು ಚೆನ್ನಾಗಿ ಆಯಿತು ಎಂದರು. ಇನ್ನೊಬ್ಬರು ಬೋರ್‌ವೆಲ್ಲಿನಲ್ಲಿ ಇನ್ನೂ ನೀರಿದೆ ಎಂದರು. ಒಬ್ಬರು ಯಜಮಾನರು ಕುಡಿಯುವುದು ಬಿಟ್ಟರು ಎಂದು ಅತ್ತರು. ಒಬ್ಬ ಅಜ್ಜಿ ಮಂಡಿ ನೋವು ಕಡಿಮೆಯಾಯಿತು, ಈ ಸಲ ಮೆಟ್ಟಿಲು ನಾನೇ ಇಳಿದೆ ಎಂದರು. ನನಗೆ ಆ ಮಂಡಿಯ ಮೇಲೂ ಹೊಟ್ಟೆಕಿಚ್ಚಾಯಿತು. ಎಷ್ಟು ಚಿಕ್ಕದನ್ನು ಕೇಳಿದರು, ಸಿಕ್ಕಿತು. ನಾನು ಕೇಳಿದ್ದೂ ಒಂದೇ.

ಭಾಗ್ಯಳ ಸರದಿ ಬಂದಾಗ ನಾನು ಸೆರಗು ಬಿಗಿ ಹಿಡಿದು ಕೂತೆ. ಮಗಳು ಬದುಕಿದ್ದಾಳೆ, ಮದುವೆಯಾಯಿತು ಎಂದು ಹೇಳುತ್ತಾಳೆ ಎಂದು. ಅವಳು ದೀಪ ಹಚ್ಚಿ, “ನಾನೇನೂ ಹೇಳಲ್ಲ” ಎಂದು ಎದ್ದುಬಿಟ್ಟಳು. ಅದು ಕೂಡ ನನಗೆ ಸೊಕ್ಕಿನ ಹಾಗೆ ಕಂಡಿತು. ಇಷ್ಟೆಲ್ಲ ಸಿಕ್ಕವಳಿಗೆ ಒಂದು ಮಾತು ಹೇಳುವುದಕ್ಕೂ ಭಾರವೇ ಎಂದುಕೊಂಡೆ. ನನ್ನ ಸರದಿಗೆ ನಾನೂ ಅದನ್ನೇ ಹೇಳಿದೆ. ನೀವು ಯಾರೂ ಒತ್ತಾಯ ಮಾಡಲಿಲ್ಲ.

ಹೋದ ವರ್ಷ ಪಲ್ಲವಿಗೆ ಏಳು ತಿಂಗಳಾದಾಗ ಬಳೆ ತೊಡಿಸುವ ಶಾಸ್ತ್ರಕ್ಕೆ ತವರಿಗೆ ಕರೆದುಕೊಂಡು ಬಂದರು. ದೀಪಾವಳಿ ಕಳೆದ ಮೂರನೆಯ ಶುಕ್ರವಾರ. ಹಜಾರದಲ್ಲಿ ಹಸಿರು ಬಳೆಗಳ ಗೊಂಚಲು, ಹೂವು, ಹಣ್ಣು, ಮನೆ ತುಂಬ ಹೆಂಗಸರು. ಮೊದಲ ಬಳೆ ಯಾರು ತೊಡಿಸಬೇಕು ಎಂಬ ಮಾತು ಬಂತು.

“ದೊಡ್ಡಮ್ಮ, ಫಸ್ಟ್ ನೀವು ಹಾಕಿ” ಎಂದು ಪಲ್ಲವಿ ಕೈ ಚಾಚಿದಳು.

“ಹುಳಕ್ಕೆ ಸೊಪ್ಪು ಹಾಕೋ ಹೊತ್ತು ಕಣಮ್ಮ. ನಿಮ್ಮಮ್ಮನ ಕೈಲಿ ಹಾಕಿಸ್ಕೋ” ಎಂದೆ.

ಅತ್ತೆಗೆ ಸಿಟ್ಟು ಬಂತು. ಅವರ ತವರು ಆಂಧ್ರದ ಗಡಿಯ ಕಡೆ, ಸಿಟ್ಟು ಬಂದರೆ ತೆಲುಗು ನುಸುಳುತ್ತದೆ. “ಏಮಮ್ಮಾ ಸುಶೀಲ, ಹುಳ ಅರ್ಧ ಗಂಟೆ ಉಪವಾಸ ಇದ್ರೆ ಸತ್ತೋಗ್ತವಾ? ಅವು ಏನು ಸೀಮಂತದ ಊಟಕ್ಕೆ ಬಂದಿರೋ ಬೀಗರಾ?” ಎಂದರು. ಎಲ್ಲರೂ ನಕ್ಕರು. ಭಾಗ್ಯ ನಗಲಿಲ್ಲ. “ಬಿಡಿ ಅತ್ತೆ, ಅಕ್ಕ ಆಮೇಲೆ ಹಾಕ್ತಾಳೆ” ಎಂದಳು. ನಾನು ಹೋದೆ.

ಹುಳುಮನೆಯಲ್ಲಿ ಆಗಲೇ ಸೊಪ್ಪು ಹಾಕಿ ಆಗಿತ್ತು. ಕೊನೆಯ ಹಂತದ ಹುಳುಗಳು ಮೇಯುವ ಸದ್ದು ನಿಮಗೆಲ್ಲ ಗೊತ್ತು, ತುಂತುರು ಬಿದ್ದ ಹಾಗೆ. ಆ ಸದ್ದಿನ ಮೇಲೂ ಹಜಾರದ ಬಳೆಯ ಸದ್ದು ಕೇಳಿಸುತ್ತಿತ್ತು. ತಟ್ಟೆಗಳ ಮಧ್ಯೆ ನಿಂತು ನಾನು ನಂದಿಯ ಕಡೆಗೆ ಕೈ ಮುಗಿದು ಬೇಡಿದೆ. “ಸ್ವಾಮಿ, ನನಗೆ ಏನಾಗಿದೆ ಅನ್ನೋದು ಅವಳಿಗೂ ಒಂದು ಸಲ ಗೊತ್ತಾಗ್ಲಿ.”

ಇದು ನಾನು ಬೇಡಿದ ಪ್ರಾರ್ಥನೆ. ಎರಡು ವರ್ಷದಲ್ಲಿ ಮನಸ್ಸಿಟ್ಟು ಬೇಡಿದ್ದು ಅದೊಂದೇ.

ಅದಾಗಿ ಒಂಬತ್ತನೆಯ ದಿನ, ಕಾರ್ತಿಕದ ಕೊನೆಯ ಸೋಮವಾರದ ಹಿಂದಿನ ದಿನ, ಮಧ್ಯಾಹ್ನ ಊಟ ಮಾಡಿ ಎದ್ದ ಪಲ್ಲವಿಗೆ ರಕ್ತ ಹೋಗಲು ಶುರುವಾಯಿತು. ಅವಳು ಗೋಡೆ ಹಿಡಿದು ನಿಂತು “ಅಮ್ಮಾ” ಎಂದದ್ದು ನನಗೂ ಕೇಳಿಸಿತು. ಮೈದುನ ಚಿಂತಾಮಣಿಯಲ್ಲಿ ಕೆಲಸದಲ್ಲಿರುವವನು, ಭಾನುವಾರವಾದ್ದರಿಂದ ಮನೆಯಲ್ಲಿದ್ದ. ಪಕ್ಕದವರ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಮತ್ತೆ ಚಿಕ್ಕಬಳ್ಳಾಪುರ. ಮತ್ತೆ ಅದೇ ಆಸ್ಪತ್ರೆ.

ಕಾರು ಹೋದ ಮೇಲೆ ನಾನು ಅವಳು ನಿಂತಿದ್ದ ಜಾಗವನ್ನು ಒರೆಸಿದೆ. ಒರೆಸುತ್ತ ಒರೆಸುತ್ತ ನಾನು ಬೇಡಿದ್ದು ನಡೆಯುತ್ತಿದೆ ಎಂದು ಗೊತ್ತಾಯಿತು. ಟ್ರಂಕಿನಲ್ಲಿದ್ದ ಮುಡಿಪು ನೆನಪಾಯಿತು. ತೀರದ ಹರಕೆಯನ್ನು ನಾನು ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೇನೆ, ಅದರ ಮೇಲೆ ಇಂಥ ಬೇಡಿಕೆ ಬೇರೆ. ಯಜಮಾನರಿಗೆ ಹೇಳೋಣ ಎಂದು ಹೋದೆ. ಅವರು ಹುಳುಮನೆಯ ಬಾಗಿಲಲ್ಲಿ ಫೋನು ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಹೇಳದೆ ಹಿಂದಿರುಗಿದೆ. ಅಂದು ನಾನು ಯಾವ ದೇವರನ್ನೂ ಕರೆಯಲಿಲ್ಲ. ಕರೆಯುವ ಮುಖ ನನಗಿರಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಮುಡಿಪನ್ನು ಬ್ಯಾಗಿನಲ್ಲಿಟ್ಟು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೆ. ಶಿಡ್ಲಘಟ್ಟದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆ. ಕಾಲೇಜಿನ ಹುಡುಗಿಯರು ತುಂಬಿದ್ದರು, ನನ್ನ ಪಕ್ಕದಲ್ಲಿ ಇಬ್ಬರು ಒಂದೇ ಇಯರ್‌ಫೋನನ್ನು ಒಂದೊಂದು ಕಿವಿಗೆ ಹಾಕಿಕೊಂಡು ನಿಂತಿದ್ದರು. ನಾನು ಆಸ್ಪತ್ರೆ ಬರುವವರೆಗೆ ಕಿಟಕಿಯ ಆಚೆಗೇ ನೋಡಿದೆ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಭಾಗ್ಯ ಒಬ್ಬಳೇ ಕೂತಿದ್ದಳು. ಮೈದುನ ಟೀ ತರಲು ಹೋಗಿದ್ದ.

“ಪಲ್ಲವಿ ಹೆಂಗವ್ಳೆ?” ಎಂದೆ.

“ನಿದ್ದೆ ಮಾಡ್ತವ್ಳೆ. ಬೆಳಗಿನ ಜಾವಕ್ಕೆ ರಕ್ತ ನಿಂತೋಯ್ತಂತೆ ಅಕ್ಕ. ಮಗೂದು ಎದೆಬಡಿತ ಚೆನ್ನಾಗೈತೆ ಅಂದ್ರು. ಇನ್ನೊಂದು ನಾಲ್ಕು ದಿನ ಇಲ್ಲೇ ಇಟ್ಕೋತಾರಂತೆ.”

ಬೆಂಚಿನ ತುದಿಯಲ್ಲಿ ಕೂತೆ. ಸ್ವಾಮಿ ನನ್ನ ಬಸ್ಸಿಗಾಗಿ ಕಾದಿರಲಿಲ್ಲ. ನಾನು ಮುಡಿಪು ಹೊತ್ತು ತರುವುದಕ್ಕೆ ಮುಂಚೆಯೇ, ನಾನು ತಪ್ಪಾಯಿತು ಎನ್ನುವುದಕ್ಕೆ ಮುಂಚೆಯೇ ಕಾಪಾಡಿ ಆಗಿತ್ತು. ಅಷ್ಟು ನೆಮ್ಮದಿಯಾದ ಗಳಿಗೆಯಲ್ಲೂ ನನ್ನೊಳಗೆ ಒಂದು ಎಳೆ ಚುರುಕ್ ಎಂದಿತು: ಇವಳ ಮಗಳಿಗೆ ಈ ಸಲವೂ ವಾಸಿಯಾಯಿತು. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಆಗ ನಾನು ಸುಮ್ಮನೆ ಎದ್ದು ಬರಬಹುದಿತ್ತು. ಬ್ಯಾಗಿನಲ್ಲಿದ್ದದ್ದು ಬ್ಯಾಗಿನಲ್ಲೇ ಇರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಾಗೆ ಬಂದಿದ್ದರೆ ಆ ಉರಿಯನ್ನು ಮತ್ತೆ ಮನೆಗೆ ಹೊತ್ತು ತರಬೇಕಾಗಿತ್ತು, ಇನ್ನೆಷ್ಟು ವರ್ಷವೋ. ಜಿಪ್ಪು ಎಳೆದು ಮುಡಿಪನ್ನು ಇಬ್ಬರ ಮಧ್ಯೆ ಬೆಂಚಿನ ಮೇಲೆ ಇಟ್ಟೆ.

“ಇದು ನಿಂದು. ಅವತ್ತು ಅತ್ತೆ ತಟ್ಟೇಲಿಟ್ಟಿದ್ದು ನಂದು. ನನಗೆ ಆ ಯುಗಾದೀಲೇ ಗೊತ್ತಾಯ್ತು. ಬೇಕಂತಲೇ ಬಚ್ಚಿಟ್ಟಿದ್ದೆ ಭಾಗ್ಯ. ನಿನ್ನ ಹರಕೆ ತೀರಿಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ ಇತ್ತು.”

ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಮುಡಿಪನ್ನೇ ನೋಡುತ್ತ ಕೂತಿದ್ದಳು.

“ನನಗೂ ಗೊತ್ತಿತ್ತಕ್ಕ” ಎಂದಳು. “ಅವತ್ತು ಹುಂಡಿ ಮುಂದೆ ತಟ್ಟೆ ಮೇಲಿನ ಬಟ್ಟೆ ತೆಗೆದ್ರೆ ರೇಷ್ಮೆ ದಾರ. ವಾಪಸ್ ತಗೊಂಡ್ ಹೋಗಣ ಅಂದ್ರೆ, ಸ್ವಾಮಿ ಮುಂದೆ ಇಟ್ಟಿದ್ದನ್ನ ಎತ್ಕೊಂಡ್ ಹೋಗಬಾರದಮ್ಮ ಅಂದ್ರು ಅರ್ಚಕರು. ಹಾಕ್ಬಿಟ್ಟೆ. ನಿನ್ನ ಮುಖ ನೋಡಿ ಹೇಳೋಕೆ ಧೈರ್ಯ ಬರಲಿಲ್ಲ.”

“ಮತ್ತೆ ಇದನ್ನ ಯಾಕೆ ತೀರಿಸ್ಲಿಲ್ಲ? ಮೊಳೇಲೇ ಇತ್ತಲ್ಲ.”

“ಹೆಂಗೆ ತೀರಿಸ್ಲಿ. ಅದು ಅರ್ಧಾನೇ ತೀರಿದ್ದು.”

ನನಗೆ ಅರ್ಥವಾಗಲಿಲ್ಲ.

“ಆಮೇಲೆ ಅದು ಮೊಳೇಲಿ ಕಾಣಲಿಲ್ಲ. ನೀನೇ ತೆಗೆದಿಟ್ಟಿದ್ದೀಯ ಅಂತ ತಿಳ್ಕೊಂಡೆ. ಕೇಳಿದ್ರೆ ನೀನು ಬಿಚ್ಚಿ ನೋಡ್ತೀಯ, ನೋಡಿದ್ರೆ ಇನ್ನೂ ಸಂಕಟ ಪಡ್ತೀಯ ಅಂತ ಸುಮ್ನಿದ್ದೆ. ಈಗ ಬಿಚ್ಚಕ್ಕ. ನೀನೇ ಬಿಚ್ಚು.”

ಹತ್ತಿಯ ದಾರ ಎರಡು ವರ್ಷಕ್ಕೆ ಗಟ್ಟಿಯಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಅಕ್ಕಿ ಹುಳು ಹಿಡಿದು ಪುಡಿಯಾಗಿತ್ತು. ಅರಿಶಿನದ ಕೊಂಬು, ನಾಣ್ಯ, ಒಂದು ಹಸಿರು ಬಳೆ. ಅದರ ಕೆಳಗೆ ಇನ್ನೊಂದು. ಕಡುಗೆಂಪು, ಅಂಚಿಗೆ ಚಿನ್ನದ ಬಣ್ಣದ ಗೆರೆ. ಎಲ್ಲೂ ಒಡೆದಿರಲಿಲ್ಲ.

“ಅತ್ತೆ ಫೋನ್ ಮಾಡಿ ಮುಡಿಪಿಗೆ ಮಕ್ಕಳ ಮೈಮೇಲಿಂದು ಏನಾದ್ರೂ ತನ್ನಿ ಅಂದಿದ್ರಲ್ಲ. ಬಳೆ ತೆಗೀವಾಗ ಇಬ್ರುದೂ ಒಂದೊಂದು ಎತ್ತಿಟ್ಕೊಂಡೆ. ಹೇಳಬಾರದಲ್ಲ, ಅದಕ್ಕೆ ಒಡೀತು ಅಂದೆ. ಇಬ್ರೂ ಒಟ್ಟಿಗೆ ಮನೆಗೆ ಬರ್ಲಿ ಅಂತ ಕಟ್ಟಿದ್ದೆ ಅಕ್ಕ. ಇಬ್ರೂ ನನ್ನ ಸೊಂಟದ ಮೇಲೆ ಬೆಳೆದವ್ರು. ಒಬ್ಬಳಿಗೆ ಮಾತ್ರ ಹೆಂಗೆ ಕಟ್ಲಿ.”

ನಾನು ಕಟ್ಟಿದ್ದು ಒಬ್ಬಳಿಗೆ ಮಾತ್ರ. ಪಲ್ಲವಿಯ ಹೆಸರು ಅಂದು ನನ್ನ ಮನಸ್ಸಿನಲ್ಲಿ ಬರಲೇ ಇಲ್ಲ. ಬೆನ್ನಿಗೆ ಬೆನ್ನು ಮಾಡಿ ಕೂತಿದ್ದ ಆ ಸಂಜೆ ನನ್ನ ಹಿಂದೆ ಒಬ್ಬಳು ನನ್ನ ಮಗಳಿಗಾಗಿಯೂ ಬೇಡುತ್ತಿದ್ದಳು, ನನಗೆ ಗೊತ್ತಿರಲಿಲ್ಲ. ಕಲ್ಯಾಣಿಯ ಬಳಿ ಅವಳು ಏನೂ ಹೇಳದೆ ಎದ್ದದ್ದು ಸೊಕ್ಕಿನಿಂದಲ್ಲ. ಅರ್ಧ ಸಿಕ್ಕವಳು ನನ್ನ ಎದುರಿಗೆ ಬಾಯಿ ಬಿಟ್ಟು ಏನೆಂದು ಹೇಳಿಯಾಳು.

ನಾವಿಬ್ಬರೂ ಎಷ್ಟು ಹೊತ್ತು ಅತ್ತೆವೋ ಗೊತ್ತಿಲ್ಲ. ಟೀ ತಂದ ಮೈದುನ ಹೆದರಿ, “ಏನಾಯ್ತು, ಡಾಕ್ಟರ್ ಏನಾದ್ರೂ ಅಂದ್ರಾ?” ಎಂದು ಲೋಟಗಳನ್ನು ಹಿಡಿದುಕೊಂಡೇ ವಾರ್ಡಿನ ಒಳಗೆ ಓಡಿದ. ನರ್ಸ್ ಅವನನ್ನು ಬೈದು ಆಚೆ ಕಳಿಸಿದರು. ಅದನ್ನು ನೋಡಿ ಅಳುವಿನ ಮಧ್ಯೆಯೇ ಇಬ್ಬರಿಗೂ ನಗು ಬಂತು.

“ಕೆಂಪು ಬಳೆ ನೀನಿಟ್ಕೋ” ಎಂದಳು ಭಾಗ್ಯ. “ಮಿಕ್ಕಿದ್ದನ್ನ ಇವತ್ತೇ ನಂದಿಗೆ ಹೋಗಿ ಹಾಕಿ ಬಾ. ನಾನು ಇವಳನ್ನ ಬಿಟ್ಟು ಬರೋ ಹಾಗಿಲ್ಲ. ಸ್ವಾಮಿಗೆ ನಾನು ಇಲ್ಲಿಂದಲೇ ಹೇಳ್ಕೋತೀನಿ.”

ಪಲ್ಲವಿ ಎಚ್ಚರವಾದ ಮೇಲೆ ಒಳಗೆ ಹೋಗಿ ಅವಳ ಕೈ ಹಿಡಿದೆ. ಒಂದು ಕೈಗೆ ಡ್ರಿಪ್, ಇನ್ನೊಂದು ಕೈಯಲ್ಲಿ ಶಾಸ್ತ್ರದ ಬಳೆಗಳಲ್ಲಿ ನಾಲ್ಕೇ ಉಳಿದಿದ್ದವು. “ದೊಡ್ಡಮ್ಮ, ಹುಳಕ್ಕೆ ಸೊಪ್ಪು ಹಾಕಿ ಆಯ್ತಾ?” ಎಂದಳು. ಅವಳಿಗೆ ಮೇಘನಳ ಹಾಗೆಯೇ ಕೀಟಲೆ. ಅಥವಾ ಮೇಘನಳಿಗೆ ಇವಳಿಂದ ಬಂದಿತ್ತೋ ಏನೋ.

ಮಧ್ಯಾಹ್ನದ ಬಸ್ಸಿಗೆ ನಂದಿಗೆ ಬಂದೆ. ನೀವೆಲ್ಲ ಆಗಲೇ ಬಂದು ಎಣ್ಣೆ ಬತ್ತಿ ಹೊಂದಿಸುತ್ತಿದ್ದಿರಿ. ನಾನು ಮೊದಲು ಹುಂಡಿಯ ಹತ್ತಿರ ಹೋದೆ. ಮುಡಿಪಿನ ಬಟ್ಟೆಯನ್ನು ಬಿಡಿಸಿ, ಹಳೆಯ ಅಕ್ಕಿ ತೆಗೆದು, ದೇವಸ್ಥಾನದ ಹೊರಗಿನ ಅಂಗಡಿಯಿಂದ ತಂದ ಹೊಸ ಅಕ್ಕಿ ಹಾಕಿದೆ. ಹಸಿರು ಬಳೆ ಇಟ್ಟೆ. ಕೆಂಪು ಬಳೆ ನನ್ನ ಕೈಯಲ್ಲಿತ್ತು.

ಅದನ್ನು ಹಿಡಿದು ಬಹಳ ಹೊತ್ತು ನಿಂತೆ. ಭಾಗ್ಯ ಇಟ್ಟುಕೋ ಎಂದಿದ್ದಳು. ಮನೆಗೆ ತಂದರೆ ಡಜನ್ ಪೂರ್ತಿಯಾಗುತ್ತಿತ್ತು. ನಿಜ ಹೇಳಬೇಕೆಂದರೆ ಆಗ ನನಗೆ ಸ್ವಾಮಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು. ಮಗಳನ್ನು ಇಟ್ಟುಕೊಂಡಿದ್ದಾನೆ, ಬಳೆಯೂ ಬೇಕೇ ಎಂದು. ಹಾಗೆ ನಿಂತಿರುವಾಗ ನನ್ನದೇ ಬೇಡಿಕೆ ನೆನಪಿಗೆ ಬಂತು. ನನಗೆ ಏನಾಗಿದೆ ಅನ್ನುವುದು ಅವಳಿಗೂ ಒಂದು ಸಲ ಗೊತ್ತಾಗಲಿ ಎಂದು ಬೇಡಿದ್ದೆ. ಅವಳಿಗೆ ಗೊತ್ತಿತ್ತು. ನಾನು ಬೇಡುವುದಕ್ಕೆ ಎರಡು ವರ್ಷ ಮುಂಚಿನಿಂದಲೇ ಗೊತ್ತಿತ್ತು. ಗೋಡೆಯ ಆ ಕಡೆ ಅವಳೂ ಒಬ್ಬಳನ್ನು ಕಳೆದುಕೊಂಡು, ಅದನ್ನು ಹೇಳಿಕೊಳ್ಳುವ ಹಕ್ಕು ತನಗಿಲ್ಲ ಎಂದು ಸುಮ್ಮನಿದ್ದಳು. ನನ್ನ ಕೆಟ್ಟ ಪ್ರಾರ್ಥನೆಯನ್ನು ಕೂಡ ಸ್ವಾಮಿ ನಡೆಸಿಕೊಟ್ಟ. ಯಾರ ಜೀವವನ್ನೂ ತೆಗೆಯದೆ ನಡೆಸಿಕೊಟ್ಟ.

ಕೆಂಪು ಬಳೆಯನ್ನು ಹಸಿರು ಬಳೆಯ ಮೇಲೆ ಇಟ್ಟು ಗಂಟು ಹಾಕಿದೆ. ಬ್ಯಾಗಿನಲ್ಲಿ ರೇಷ್ಮೆ ನೂಲಿನ ತುಂಡೊಂದಿತ್ತು, ಅದರಲ್ಲಿ ಬಿಗಿದೆ. ಹುಂಡಿಗೆ ಹಾಕಿದಾಗ ಒಳಗೆ ಬಳೆಗಳ ಸಣ್ಣ ಸದ್ದಾಯಿತು.

ಆಮೇಲೆ ಕಲ್ಯಾಣಿಗೆ ಬಂದು ನಿಮ್ಮ ಜೊತೆ ಕೂತೆ. ನನ್ನ ಸರದಿ ಬಂದಾಗ ದೀಪ ಹಚ್ಚಿ, “ಹನ್ನೆರಡನೇ ಬಳೆ ಸಿಕ್ಕಿತು” ಎಂದೆ. ಅಷ್ಟೇ ಹೇಳಲು ಆಯಿತು. ಮಂಡಿ ನೋವಿನ ಅಜ್ಜಿ ನನ್ನ ಬೆನ್ನು ಸವರಿ, “ಸಿಕ್ತಲ್ಲ, ಸರಿ ಬಿಡವ್ವ” ಎಂದರು. ಏನೂ ಗೊತ್ತಿಲ್ಲದೆ ಹೇಳಿದ ಆ ಮಾತು ನನಗೆ ಸಾಕಾಗಿತ್ತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ, ಮೊಳೆಯಲ್ಲಿ ಆದ ಅದಲುಬದಲನ್ನೂ ಹೇಳಿದೆ. ಕಣ್ಣಿನ ತಪ್ಪಿಗೆ ಬಹಳ ನೊಂದುಕೊಂಡರು. ನಾನೇ ಸಮಾಧಾನ ಮಾಡಿದೆ, ಅವರು ತಪ್ಪದೆ ತೆಗೆದುಕೊಟ್ಟಿದ್ದರೆ ಆ ಬಳೆ ಎರಡು ವರ್ಷದ ಹಿಂದೆಯೇ ಹುಂಡಿಗೆ ಹೋಗಿ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ ಎಂದೆ. ಆದರೆ ಕೆಂಪು ಬಳೆಯನ್ನೂ ಹಾಕಿ ಬಂದೆ ಎಂದಾಗ ಅವರಿಗೆ ಒಪ್ಪಿಗೆಯಾಗಲಿಲ್ಲ.

“ಹುಚ್ಚಮ್ಮ, ಕೊಡದೆ ಇದ್ದಿದ್ದಕ್ಕೂ ಯಾರಾದ್ರೂ ಹರಕೆ ತೀರಿಸ್ತಾರಾ?” ಎಂದರು.

“ನನ್ನ ಮಗೂಗೆ ಇನ್ನೊಬ್ಬರೂ ಕೇಳಿದ್ರಲ್ಲ ಅತ್ತೆ. ಅದಕ್ಕೆ ತೀರಿಸ್ದೆ” ಎಂದೆ.

ಮಾಘದಲ್ಲಿ ಪಲ್ಲವಿಗೆ ಗಂಡು ಮಗು ಹುಟ್ಟಿತು. ಬಾಣಂತನದ ಎಣ್ಣೆ ನೀರು ನಾನೂ ಭಾಗ್ಯಳೂ ಸರದಿಯ ಮೇಲೆ ಮಾಡಿದೆವು. ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮಗು ಭಾಗ್ಯಳ ಮಡಿಲಲ್ಲಿ ನಿದ್ದೆ ಮಾಡುವಾಗ ಈಗಲೂ ಒಮ್ಮೊಮ್ಮೆ ಏಳುತ್ತದೆ. ಎದ್ದಾಗ ಭಾಗ್ಯಳಿಗೇ ಹೇಳುತ್ತೇನೆ. “ಉರೀತಾ ಇದೆ ಕಣೇ” ಎಂದರೆ ಅವಳು ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, ಒಗೆಯುವ ಬಟ್ಟೆ ತೆಗೆದುಕೊಂಡು ಹೋಗುತ್ತಾಳೆ.

ಹನ್ನೊಂದು ಬಳೆಗಳು ನನ್ನ ಟ್ರಂಕಿನಲ್ಲಿವೆ. ಒಂದು ನಂದಿಯ ಸ್ವಾಮಿಯ ಹತ್ತಿರ ಇದೆ. ಕೇಳಿದ್ದನ್ನು ಕೊಡದಿದ್ದರೂ, ನನ್ನ ಮಗಳಿಗಾಗಿ ಕೇಳಿದವಳನ್ನು ಗೋಡೆಯ ಆ ಕಡೆಯೇ ಇಟ್ಟಿದ್ದ ಆ ಸ್ವಾಮಿಗೆ ಈ ಮುಂದಿನ ಕಾರ್ತಿಕದಲ್ಲಿ ನಾನೂ ಭಾಗ್ಯಳೂ ಒಂದೇ ದೀಪವನ್ನು ಇಬ್ಬರೂ ಹಿಡಿದು ಹಚ್ಚಬೇಕೆಂದಿದ್ದೇವೆ. ಈ ಸಲ ಅವಳೂ ಬಾಯಿಬಿಟ್ಟು ಹೇಳುತ್ತಾಳೆ, ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ.